ಮೊಂಡುಮೂತಿ, ಚೂಪುಮೂತಿ ಮತ್ತು ನನ್ನ ತಟಸ್ಥ ವರದಿ

ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಕೂತವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕಣ್ಣಿನದಲ್ಲ, ಬೆನ್ನಿನದೂ ಅಲ್ಲ. ಅವು ಹೇಗೂ ಬರುತ್ತವೆ. ನಾನು ಹೇಳುತ್ತಿರುವುದು ಅಭಿಪ್ರಾಯ ಒಣಗಿಹೋಗುವ ಕಾಯಿಲೆ. ಯಾರು ಏನು ಹೇಳಿದರೂ ‘ಇನ್ನೊಂದು ಕಡೆಯವರು ಏನಂತಾರೆ’ ಎಂದು ಕೇಳಿ ಕೇಳಿ, ಎರಡೂ ಕಡೆಯ ಮಾತನ್ನು ಒಂದೇ ಉದ್ದಕ್ಕೆ ಕತ್ತರಿಸಿ ಕತ್ತರಿಸಿ, ಕೊನೆಗೆ ನನ್ನದೇ ಒಂದು ಕಡೆ ಇತ್ತೆನ್ನುವುದೂ ಮರೆತುಹೋಗುತ್ತದೆ. ಕಚೇರಿಯಲ್ಲಿ ಇದನ್ನು ವೃತ್ತಿಧರ್ಮ ಎನ್ನುತ್ತಾರೆ. ಮನೆಯಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಒಮ್ಮೆ ಊಟಕ್ಕೆ ಕೂತಿದ್ದಾಗ ನನ್ನ ಹೆಂಡತಿ ಪದ್ಮ, “ಮಸ್ಸೊಪ್ಪಿಗೆ ಉಪ್ಪು ಜಾಸ್ತಿ ಆಯ್ತೇನ್ರಿ?” ಎಂದು ಕೇಳಿದಳು. “ಹೆಚ್ಚಾಗಿದೆ ಎಂಬ ಅಭಿಪ್ರಾಯ ಇದೆ” ಎಂದೆ. “ಯಾರಿಗಿದೆ? ಊಟಕ್ಕೆ ಕೂತಿರೋರು ನೀವೊಬ್ರೇ” ಎಂದಳು. ಅದಾದ ಮೇಲೆ ಅವಳು ನನ್ನನ್ನು ಯಾವ ವಿಷಯದಲ್ಲೂ ಕೇಳುವುದನ್ನು ಬಿಟ್ಟಳು. ಅವಳು ಬಿಟ್ಟಳು, ನನ್ನ ತಾಯಿ ಬಿಡಲಿಲ್ಲ. ಈ ಪ್ರಬಂಧಕ್ಕೆ ಅದೇ ಕಾರಣ.

ನಾವು ಮೂವರು ಅಣ್ಣತಮ್ಮಂದಿರು. ಅಣ್ಣ ವೆಂಕಟೇಶಪ್ಪ ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಯೂನಿಟ್ ಇಟ್ಟುಕೊಂಡಿದ್ದಾನೆ. ತಮ್ಮ ಮುನಿರಾಜು ಚಿಂತಾಮಣಿಯಲ್ಲಿ ಟೊಮೆಟೊ ಮಂಡಿ ನಡೆಸುತ್ತಾನೆ. ನಡುವಿನವನಾದ ನಾನು ಚಿಕ್ಕಬಳ್ಳಾಪುರದಲ್ಲಿ ಇತರರ ಜಗಳಗಳನ್ನು ತಿದ್ದಿ ಅಚ್ಚಿಗೆ ಕಳಿಸುತ್ತೇನೆ. ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ. ಅವಳ ತವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ, ಹಾಗಾಗಿ ಕೋಪ ಬಂದರೂ ಪ್ರೀತಿ ಬಂದರೂ ತೆಲುಗು ಬರುತ್ತದೆ. ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ. ನಡುವಿನವನಿಗೆ ತೆಲುಗಿನಲ್ಲಿ ಹೇಳುವಂತೆ ‘ನಡಿಪೋಡು’ ಎನ್ನುತ್ತಾಳೆ. ಅಪ್ಪ ಹೋದ ಮೇಲೆ ನಾವು ಪಾಲಾದೆವು. ಜಮೀನು, ಬೋರ್‌ವೆಲ್ಲು, ಹುಣಸೇಮರ, ಅಟ್ಟದ ಮೇಲಿದ್ದ ಹಿತ್ತಾಳೆ ಕೊಳಗ, ಎಲ್ಲವೂ ಹಂಚಿಹೋದವು. ಹಂಚದೆ ಉಳಿದದ್ದು ಒಂದೇ ದಿನ. ಅಮ್ಮನಿಗೆ ಮದುವೆಯಾಗಿ ಬಹಳ ಕಾಲ ಮಕ್ಕಳಿರಲಿಲ್ಲವಂತೆ. ವಿದುರಾಶ್ವತ್ಥದ ಮರದ ಬುಡದಲ್ಲಿ ಒಂದು ನಾಗರಕಲ್ಲು ಇರಿಸಿದ ಮೇಲೆ ಸಾಲಾಗಿ ನಾವು ಮೂವರು ಹುಟ್ಟಿದೆವಂತೆ. ವರ್ಷಕ್ಕೊಮ್ಮೆ ಮೂವರೂ ಹೆಂಡಂದಿರ ಸಮೇತ ಅವಳ ಜೊತೆ ಹೋಗಿ ಆ ಕಲ್ಲಿಗೆ ಹಸಿಹಾಲು ಎರೆಯಬೇಕು. ಮೊಮ್ಮಕ್ಕಳು ದೊಡ್ಡವರಾಗಿ ಬೈಕು ಹತ್ತಿದ್ದರಿಂದ ಅವರಿಗೆ ವಿನಾಯಿತಿ ಇದೆ. ನಮಗಿಲ್ಲ.

ಹಿಂದೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಬಸ್ಸು ಹತ್ತಲು ನಾಚಿಕೆಯಾಗಿ ಬಾಡಿಗೆ ಗಾಡಿ ಮಾಡತೊಡಗಿದೆವು. ಹೋದ ಸಲದ ಬಾಡಿಗೆ ಗಾಡಿ ಗೌರಿಬಿದನೂರಿಗೆ ಮೊದಲೇ ಹೊಗೆಯಾಡಿ ನಿಂತಿತು. ನಾವು ಏಳು ಜನ ರಸ್ತೆ ಬದಿಯ ಜೋಳದ ಹೊಲದ ಪಕ್ಕ ಕೊಡೆ ಹಿಡಿದು ಕೂತೆವು. ಅಣ್ಣ ಮತ್ತು ತಮ್ಮ, ಈ ಗಾಡಿಯನ್ನು ಗೊತ್ತುಮಾಡಿದವರು ಯಾರು ಎಂಬುದರ ಬಗ್ಗೆ ತಮ್ಮ ತಮ್ಮ ನಿಲುವನ್ನು ಸ್ಪಷ್ಟಪಡಿಸತೊಡಗಿದರು. ಆಗ ಅಮ್ಮ ಹೇಳಿದಳು: “ಸಾಕು ಬಿಡ್ರಪ್ಪ. ಮೂರು ಜನಾನೂ ಸೇರಿ ಒಂದು ಮನೆ ಬಂಡಿ ತಗೊಳ್ರಿ. ಎಲ್ಲಾ ಹಂಚ್ಕೊಂಡ್ರಲ್ಲ, ಒಂದಾದ್ರೂ ಹಂಚ್ದೇ ಇರೋದು ಇರ್ಲಿ. ನಾನಿರೋಗಂಟ ಒಂದೇ ಬಂಡೀಲಿ ಹೋಗಣ.”

ಅವಳು ಕೇಳಿದ್ದು ಇಷ್ಟೇ. ಇದರಲ್ಲಿ ಅಸ್ಪಷ್ಟವಾದದ್ದು ಏನೂ ಇರಲಿಲ್ಲ. ಸ್ಪಷ್ಟವಾದದ್ದನ್ನು ಗೊಂದಲಗೊಳಿಸಲು ವಿದ್ಯಾವಂತನೊಬ್ಬ ಬೇಕಾಗುತ್ತದೆ, ಮನೆಯಲ್ಲಿ ನಾನಿದ್ದೆ.

ಪೇಟೆಯಲ್ಲಿ ನಮ್ಮ ಅಳತೆಗೆ ಸರಿಹೋಗುವ ವ್ಯಾನುಗಳು ಎರಡಿದ್ದವು. ಅವುಗಳ ಹೆಸರು ಹೇಳುವುದಿಲ್ಲ. ಹೊಗಳಿದರೆ ಜಾಹೀರಾತಾಗುತ್ತದೆ, ಬೈದರೆ ವಕೀಲರ ನೋಟಿಸು ಬರುತ್ತದೆ. ನಮ್ಮ ಮನೆಯಲ್ಲಿ ಅವುಗಳಿಗೆ ಬೇರೆಯದೇ ಹೆಸರು. ಎದುರಿನಿಂದ ನೋಡಿದರೆ ಗೋಡೆಗೆ ಗುದ್ದಿಸಿಕೊಂಡಂತೆ ಚಪ್ಪಟೆಯಾಗಿ ಕಾಣುವುದು ಮೊಂಡುಮೂತಿ; ಸದಾ ಏನನ್ನೋ ಮೂಸಲು ಹೊರಟಂತಿರುವುದು ಚೂಪುಮೂತಿ. ಅಣ್ಣ ಮೊಂಡುಮೂತಿಯ ಪಕ್ಷ, ಮುನಿರಾಜು ಚೂಪುಮೂತಿಯ ಪಕ್ಷ. ಇಬ್ಬರೂ ಕೊಡುತ್ತಿದ್ದ ಕಾರಣ ಒಂದೇ: “ಅಮ್ಮಂಗೆ ಅನುಕೂಲ.” ಅಣ್ಣನಿಗೆ ಹಿಂದಿನ ಸೀಟು ಪೂರ್ತಿ ಮಡಚಿಕೊಳ್ಳುವುದು ಇಷ್ಟವಾಗಿತ್ತು. ಅಮ್ಮನ ಅನುಕೂಲಕ್ಕೆ ಹಿಂದಿನ ಸೀಟನ್ನು ಮಡಚುವುದು ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಮುನಿರಾಜುವಿಗೆ ಎರಡೂ ಪಕ್ಕ ಸರಿಯುವ ಬಾಗಿಲು ಇಷ್ಟವಾಗಿತ್ತು. ಅಮ್ಮ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುತ್ತಾಳೆಯೇ ಎಂದೂ ಕೇಳಲಿಲ್ಲ. ಗೂಡಿನ ಮೂಟೆಗೆ ಎಷ್ಟು ಜಾಗ ಬೇಕು, ಟೊಮೆಟೊ ಕ್ರೇಟು ಯಾವ ಬಾಗಿಲಲ್ಲಿ ನುಗ್ಗುತ್ತದೆ ಎಂದು ಶೋರೂಮಿನಲ್ಲಿ ಅವರಿಬ್ಬರೂ ವಿಚಾರಿಸಿದ್ದು ನನ್ನ ಕಿವಿಗೆ ಬಿದ್ದಿತ್ತು. ಆದರೆ ಅದು ಅಧಿಕೃತ ಮಾಹಿತಿಯಾಗಿರಲಿಲ್ಲ.

ಇಬ್ಬರೂ ಸೇರಿ ಒಪ್ಪಿದ್ದು ಒಂದೇ ವಿಷಯಕ್ಕೆ: ತೀರ್ಪು ನಾನು ಕೊಡಬೇಕು. “ನೀನು ಪೇಪರ್ನೋನಪ್ಪ, ಯಾರ ಕಡೇನೂ ಇಲ್ಲ. ನೀನ್ ಹೇಳಿದ್ ಗಾಡಿ” ಎಂದು ಅಣ್ಣ ಫೋನು ಮಾಡಿದ. “ಚಿಕ್ಕಣ್ಣ, ನೀನು ಯಾವ್ದು ಅಂತೀಯೋ ಅದೇ ಫೈನಲ್. ಆದ್ರೆ ದೊಡ್ಡಣ್ಣನ ಮಾತು ಕೇಳಿ ಹೇಳ್ಬೇಡ” ಎಂದು ತಮ್ಮನೂ ಮಾಡಿದ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಪದ್ಮ ಮಾತ್ರ, “ಇವರಿಬ್ರೂ ಜಗಳಕ್ಕೆ ಜಾಗ ಹುಡುಕ್ತಾ ಇದಾರೆ. ನೀವು ಸೈಟು ತೋರಿಸ್ತಾ ಇದೀರ” ಎಂದಳು. ಇದನ್ನು ಒಂದು ವಲಯದ ಟೀಕೆ ಎಂದು ಬದಿಗಿಟ್ಟೆ.

ಮೊಂಡುಮೂತಿಯ ಶೋರೂಮಿನ ಹುಡುಗ ಟೈ ಕಟ್ಟಿಕೊಂಡು, “ಅದೂ ಒಳ್ಳೇ ಗಾಡಿನೇ ಸಾರ್, ಏನೂ ಹೇಳಂಗಿಲ್ಲ… ಬಾಡಿಗೆ ಓಡ್ಸೋರಿಗೆ” ಎಂದ. ಚೂಪುಮೂತಿಯ ಶೋರೂಮಿನ ಹೆಣ್ಣುಮಗಳು, “ಅದನ್ನ ತಗೊಂಡೋರು ಯಾರೂ ಕಂಪ್ಲೇಂಟ್ ಮಾಡಲ್ಲ ಸರ್, ಅಭ್ಯಾಸ ಆಗೋಗಿರುತ್ತೆ” ಎಂದಳು. ಎದುರಾಳಿಯನ್ನು ಇಷ್ಟು ಮರುಕದಿಂದ ಕೊಲ್ಲುವ ಕಲೆ ನಮ್ಮ ರಾಜಕಾರಣಿಗಳಿಗೂ ಇನ್ನೂ ಬಂದಿಲ್ಲ. ಇಬ್ಬರೂ ನನ್ನನ್ನು ಹೆದ್ದಾರಿಯ ಮೇಲೆ ಕರೆದೊಯ್ಯಲು ಹೊರಟರು. ನಾನು ಒಪ್ಪಲಿಲ್ಲ. ಹೆದ್ದಾರಿಯ ಮೇಲೆ ಎತ್ತಿನಗಾಡಿಯೂ ತೇಲುತ್ತದೆ. ಎರಡನ್ನೂ ಕಳವಾರದ ಕಡೆಯ ರಸ್ತೆಗೆ ಒಯ್ದೆ. ಬೆಟ್ಟ ಹತ್ತಲು ಬಂದವರು ತಮ್ಮ ಕಾರುಗಳನ್ನು ಎಲ್ಲೆಂದರಲ್ಲಿ ನಿಲ್ಲಿಸಿರುವ ಆ ರಸ್ತೆಯಲ್ಲಿ ಒಂದು ಉಬ್ಬು ಇದೆ. ಯಾರು ಕಟ್ಟಿದರೋ, ಯಾರ ಮೇಲಿನ ಸಿಟ್ಟಿಗೋ. ಅದರ ಮೇಲೆ ಎರಡು ವ್ಯಾನುಗಳನ್ನೂ ಹಾಯಿಸಿದೆ, ಪ್ರತಿ ಸಲವೂ ಬೇರೆ ಬೇರೆ ಸೀಟಿನಲ್ಲಿ ಕೂತು. ಯಾವ ಸೀಟಿನಲ್ಲಿ ಸೊಂಟ ಎದ್ದು ಬೀಳುತ್ತದೆ, ಯಾವುದರಲ್ಲಿ ತಲೆ ಸೂರಿಗೆ ತಾಗುತ್ತದೆ, ಯಾವುದರಲ್ಲಿ ಮೊಣಕಾಲು ಗಲ್ಲಕ್ಕೆ ಬರುತ್ತದೆ ಎಂದು ನನಗೆ ಗೊತ್ತಾದಷ್ಟು ಆ ವ್ಯಾನುಗಳನ್ನು ಮಾಡಿದವರಿಗೂ ಗೊತ್ತಿರಲಾರದು. ಟೈ ಕಟ್ಟಿದ್ದ ಹುಡುಗ ಕೊನೆಗೆ, “ಸಾರ್, ಇನ್ನು ಡಿಕ್ಕಿ ಒಂದೇ ಬಾಕಿ, ಅದರೊಳಗೂ ಕೂತು ನೋಡ್ತೀರಾ?” ಎಂದ. ನೋಡಿದೆ.

ಕೊನೆಯ ಪರೀಕ್ಷೆಗೆಂದು ಎರಡು ವ್ಯಾನುಗಳನ್ನೂ ಒಂದೇ ಭಾನುವಾರ ಶಿಡ್ಲಘಟ್ಟದ ಮನೆಯ ಮುಂದೆ ತರಿಸಿದೆವು. ಮುನಿರಾಜುವೂ ಚಿಂತಾಮಣಿಯಿಂದ ಬಂದ. ಅಮ್ಮ ಹೊರಗೆ ಬಂದು, ಹೊಗೆಸೊಪ್ಪಿನ ಕಡ್ಡಿಪುಡಿಯ ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡು, ಸಂತೆಯಲ್ಲಿ ಎತ್ತು ನೋಡುವವಳಂತೆ ಎರಡಕ್ಕೂ ಸುತ್ತು ಬಂದಳು. ಮೊದಲು ಮೊಂಡುಮೂತಿ. ಅದರಲ್ಲಿ ಮಧ್ಯದ ಸಾಲಿಗೆ ಎರಡು ಬೇರೆ ಬೇರೆ ಕುರ್ಚಿಗಳು, ನಡುವೆ ಓಡಾಡುವಷ್ಟು ಸಂದು. ಕೈಯಿಡಲು ಹಿಡಿಕೆ, ಒರಗಲು ಗುಂಡಿ, ಎಲ್ಲ ಇತ್ತು. ಅಣ್ಣ ಅವಳನ್ನು ಕೂರಿಸಿ ಒರಗಿಸಿದ. “ಹೆಂಗಮ್ಮ?” ಎಂದ. “ಚೆನ್ನಾಗೈತಪ್ಪ. ಹಲ್ಲು ಕೀಳೋ ಡಾಕ್ಟ್ರ ಅಂಗಡೀಲಿ ಇಂಥದ್ದೇ ಇತ್ತು” ಎಂದಳು. ಆಮೇಲೆ ಚೂಪುಮೂತಿ. ಅದರ ಮಧ್ಯದ ಸಾಲು ಮೂವರು ಕೂರುವ ಒಂದೇ ಉದ್ದನೆಯ ಸೀಟು. ಅಮ್ಮ ಹತ್ತಿ, ಸರಿಯುತ್ತ ಸರಿಯುತ್ತ ನಡುವಿಗೆ ಬಂದು ಕೂತಳು. “ಬರ್ರೋ ಒಂದ್ ಸಲ” ಎಂದಳು. ಮುನಿರಾಜು ಅವಳ ಬಲಕ್ಕೆ ಕೂತ, ನಾನು ಎಡಕ್ಕೆ ಕೂತೆ. ಅಣ್ಣ ಮುಖ ಗಂಟಿಕ್ಕಿಕೊಂಡೇ ಮುಂದಿನ ಡ್ರೈವರ್ ಸೀಟಿನಲ್ಲಿ ಕೂತ. ಅಮ್ಮ ಮುಂದೆ ಬಗ್ಗಿ ಅಣ್ಣನ ಹೆಗಲು ಮುಟ್ಟಿ ನೋಡಿದಳು, ಕೈ ಎಟುಕಿತು. ಹಿಂದಕ್ಕೆ ಒರಗಿ, ಎರಡೂ ಕೈಗಳನ್ನು ಎರಡೂ ಪಕ್ಕಕ್ಕೆ ಹಾಸಿ, ಸೀಟನ್ನು ಮೆಲ್ಲಗೆ ತಟ್ಟಿದಳು. ನಾವು ಚಿಕ್ಕವರಿದ್ದಾಗ ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಅಂಟಿಕೊಂಡು ಕೂತು ಹೋಗುತ್ತಿದ್ದುದು ಅವಳಿಗೆ ನೆನಪಾಗಿರಬೇಕು. ನನಗಂತೂ ನೆನಪಾಯಿತು.

ಇಳಿದ ಮೇಲೆ ಅಣ್ಣನೂ ತಮ್ಮನೂ ಒಟ್ಟಿಗೆ, “ಯಾವ್ದಮ್ಮ?” ಎಂದರು. ಅವಳು ಒಬ್ಬ ಮಗನ ಮುಖ ನೋಡಿದಳು, ಇನ್ನೊಬ್ಬನ ಮುಖ ನೋಡಿದಳು. ಒಂದು ಹೆಸರು ಹೇಳಿದರೆ ಒಬ್ಬನಿಗೆ ಸೋಲು. ಅವಳಿಗೆ ಅದು ಗೊತ್ತಿತ್ತು. ಅದಕ್ಕೇ ನನ್ನ ಕಡೆ ತಿರುಗಿ, “ನಡಿಪೋಡಾ, ಪಕ್ಕದಲ್ಲೇ ಕೂತಿದ್ದೆಯಲ್ಲ. ನೋಡ್ದೆ ತಾನೆ? ನೀನೇ ಹೇಳ್ಬಿಡು” ಎಂದಳು.

ನೋಡಿದ್ದೆ. ಚೆನ್ನಾಗಿಯೇ ನೋಡಿದ್ದೆ. ಸೀಟು ತಟ್ಟಿದ ಆ ಕೈಯನ್ನು ನೋಡಿದ ಮೇಲೆ ಮೈಲೇಜು, ಬಾಗಿಲು, ಸೂರು, ಉಬ್ಬು ಎಲ್ಲವೂ ಕಸ. ‘ಉದ್ದ ಸೀಟಿನದು’ ಎಂದರೆ ಮುಗಿದಿತ್ತು. ಅಣ್ಣ ಎರಡು ದಿನ ಊದಿಕೊಂಡಿದ್ದು ಸರಿಹೋಗುತ್ತಿದ್ದ. ಆದರೆ ನನ್ನೊಳಗಿನ ಉಪಸಂಪಾದಕ ಕೈಯೆತ್ತಿದ. ತಾಯಿಯವರು ಈ ಸಂಬಂಧ ಯಾವುದೇ ಹೇಳಿಕೆ ನೀಡಿಲ್ಲ. ಸೀಟು ತಟ್ಟಿದ್ದನ್ನು ಹೇಳಿಕೆ ಎಂದು ಪರಿಗಣಿಸಲಾಗದು. ಊಹೆಯನ್ನು ಸುದ್ದಿಯಾಗಿಸುವುದು ತಪ್ಪು. ನಾನು ಗಂಟಲು ಸರಿಮಾಡಿಕೊಂಡು, ಎರಡೂ ವಾಹನಗಳಿಗೆ ಅವುಗಳದೇ ಆದ ಅನುಕೂಲ ಅನಾನುಕೂಲಗಳಿವೆ ಎಂದು ಶುರುಮಾಡಿದೆ. ಮೊಂಡುಮೂತಿಯ ಪರವಾಗಿ ಎಷ್ಟು ಮಾತೋ ಚೂಪುಮೂತಿಯ ಪರವಾಗಿಯೂ ಅಷ್ಟೇ ಮಾತು ಆಡಿದೆ. ಅಂತಿಮ ನಿರ್ಧಾರ ಬಳಸುವವರ ಅಗತ್ಯವನ್ನು ಅವಲಂಬಿಸಿದೆ ಎಂದು ಮುಗಿಸಿದೆ. ವರದಿ ಅಚ್ಚುಕಟ್ಟಾಗಿತ್ತು. ಒಂದು ಅಕ್ಷರ ತಿದ್ದುವಂತಿರಲಿಲ್ಲ.

ಅಮ್ಮ ಬಾಯಲ್ಲಿದ್ದ ಕಡ್ಡಿಪುಡಿಯನ್ನು ಉಗಿಯಲು ಹಿತ್ತಿಲಿಗೆ ಹೋದಳು. ಅಣ್ಣ, “ಅವನದ್ದು ಬೇಡ ಅನ್ನೋಕೆ ನಾಲ್ಗೆ ಬರ್ಲಿಲ್ಲ ನಿಂಗೆ. ಮೊದ್ಲಿಂದಾನೂ ನೀನು ಅವನ ಕಡೇನೇ” ಎಂದ. ಮುನಿರಾಜು, “ದೊಡ್ಡಣ್ಣಂಗೆ ಹೆದರ್ಕೊಂಡು ಹಿಂಗೆ ಬುರುಡೆ ಬಿಡ್ತೀಯಲ್ಲ ಚಿಕ್ಕಣ್ಣ, ಇದಕ್ಕಿಂತ ಆ ಟೈ ಹುಡುಗನೇ ವಾಸಿ” ಎಂದ. ಇಬ್ಬರಿಗೂ ಸಮಾನವಾಗಿ ಅಸಮಾಧಾನವಾದರೆ ವರದಿ ಸರಿಯಾಗಿದೆ ಎಂದರ್ಥ ಎಂದು ನಾನು ಹೊಸ ವರದಿಗಾರರಿಗೆ ಹೇಳಿಕೊಡುತ್ತಿದ್ದೆ. ಈಗ ಹೇಳುವುದಿಲ್ಲ.

ಅದೇ ತಿಂಗಳು ಅಣ್ಣ ಮೊಂಡುಮೂತಿಯನ್ನು ಬುಕ್ ಮಾಡಿದ. ವಿಷಯ ತಿಳಿದ ತಮ್ಮ ಚೂಪುಮೂತಿಯನ್ನು ಬುಕ್ ಮಾಡಿ, ಅಣ್ಣನದಕ್ಕಿಂತ ಮೊದಲೇ ಮನೆಗೆ ಬರುವ ಹಾಗೆ ನೋಡಿಕೊಂಡ. ಒಂದು ವ್ಯಾನು ಕೊಳ್ಳಲು ಕೂಡದಿದ್ದ ಮನಸ್ಸು ಎರಡು ವ್ಯಾನು ಕೊಳ್ಳುವಾಗ ಎಷ್ಟು ಸಲೀಸಾಗಿ ಓಡುತ್ತದೆ ನೋಡಿ. ಎರಡಕ್ಕೂ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಎರಡು ಪೂಜೆಗೂ ಹೋಗಿ ಎರಡು ಕಡೆಯೂ ಒಂದೇ ಅಳತೆಯ ಪ್ರಸಾದ ತಿಂದು ಬಂದೆ. ಈಗ ಮೊಂಡುಮೂತಿಯ ಹಿಂದಿನ ಸೀಟು ಕಾಯಮ್ಮಾಗಿ ಮಡಚಿಕೊಂಡು, ಅದರ ಮೇಲೆ ಗೂಡಿನ ಮೂಟೆಗಳು ಸವಾರಿ ಮಾಡುತ್ತವೆ. ಬಾಗಿಲು ತೆಗೆದರೆ ರೇಷ್ಮೆಹುಳದ ವಾಸನೆ. ಚೂಪುಮೂತಿಯ ಉದ್ದ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಅದರ ಮೇಲೆ ಟೊಮೆಟೊ ರಸ ಒಣಗಿದ ಗುರುತುಗಳಿವೆ. ಹದಿನೈದು ಜನ ಕೂರಬಹುದಾದ ಎರಡು ಗಾಡಿಗಳಲ್ಲಿ ಇಬ್ಬರು ಓಡಾಡುತ್ತಾರೆ. ಎದುರುಬದುರಾದರೆ ಹಾರನ್ ಮಾಡುವುದಿಲ್ಲ.

ಹೀಗಿರುವಾಗ ವಿದುರಾಶ್ವತ್ಥದ ದಿನ ಬಂತು. ಅಮ್ಮ ಯಾವ ಗಾಡಿಯಲ್ಲಿ ಹೋಗಬೇಕು? ಮತ್ತೆ ನನ್ನ ತಟಸ್ಥ ಸೂತ್ರ: ಹೋಗುವಾಗ ಅಣ್ಣನದರಲ್ಲಿ, ಬರುವಾಗ ತಮ್ಮನದರಲ್ಲಿ. ಇಬ್ಬರೂ ಒಪ್ಪಿದರು. ಅಮ್ಮನನ್ನು ಯಾರೂ ಕೇಳಲಿಲ್ಲ. ಪಾರ್ಸೆಲ್ಲನ್ನು ಯಾರು ಕೇಳುತ್ತಾರೆ.

ಬೆಳಿಗ್ಗೆ ಎರಡು ವ್ಯಾನುಗಳೂ ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದೆ ಬಂದು ನಿಂತವು, ಒಂದರ ಹಿಂದೆ ಒಂದು, ನಡುವೆ ಇನ್ನೊಂದು ಗಾಡಿ ಹಿಡಿಸುವಷ್ಟು ಜಾಗ ಬಿಟ್ಟು. ಅತ್ತಿಗೆ ಕಿಟಕಿಯಿಂದ ಕರೆದಳು ಎಂದು ಪದ್ಮ ಮೊಂಡುಮೂತಿ ಹತ್ತಿದಳು. ಹಲ್ಲು ಕೀಳುವ ಕುರ್ಚಿಯಲ್ಲಿ ಒರಗಿಸಿದ್ದ ಅಮ್ಮ ಅಲ್ಲಿಂದಲೇ ಕತ್ತು ಹೊರಳಿಸಿ ನನ್ನನ್ನು ನೋಡಿದಳು. “ಯಾವ್ದ್ರಲ್ಲಿ ಬರ್ತೀಯಪ್ಪ?” ಎಂದು ಅಣ್ಣ ಕೇಳಿದ. “ಚಿಕ್ಕಣ್ಣ, ಬಾ ಇಲ್ಲಿ, ಉದ್ದಕ್ಕೆ ಮಲಗ್ಬಹುದು” ಎಂದು ಹಿಂದಿನಿಂದ ಮುನಿರಾಜು ಕೂಗಿದ. ನಾನು ಇಬ್ಬರಿಗೂ ಕೇಳಿಸುವ ಹಾಗೆ, “ಯಾವುದಾದರೂ ಸರಿ, ನೀವು ಸ್ಟಾರ್ಟ್ ಮಾಡಿ” ಎಂದು ಹೇಳಿ, ಅಡುಗೆಮನೆಯಲ್ಲಿ ಮರೆತಿದ್ದ ಹಸಿಹಾಲಿನ ಕ್ಯಾನು ತರಲು ಒಳಗೆ ಹೋದೆ. ಅರ್ಧ ದಾರಿ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಎಂದು ಮನಸ್ಸಿನಲ್ಲಿ ಹಾಕಿಕೊಂಡಿದ್ದೆ. ಬಾಗಿಲಿಗೆ ಬೀಗ ಹಾಕಿ ಹೊರಗೆ ಬಂದರೆ ರಸ್ತೆಯಲ್ಲಿ ಹೊಗೆ ಮಾತ್ರ ಇತ್ತು. ಅಣ್ಣನ ಗಾಡಿಯವರು ನಾನು ತಮ್ಮನದರಲ್ಲಿದ್ದೇನೆ ಎಂದುಕೊಂಡರು. ತಮ್ಮನ ಗಾಡಿಯವರು ನಾನು ಅಣ್ಣನದರಲ್ಲಿದ್ದೇನೆ ಎಂದುಕೊಂಡರು. ಇಬ್ಬರಿಗೂ ಇನ್ನೊಬ್ಬರನ್ನು ಕೇಳುವಷ್ಟು ಮಾತುಕತೆ ಉಳಿದಿರಲಿಲ್ಲ.

ಫೋನು ಜೇಬಿನಲ್ಲೇ ಇತ್ತು. ಮಾಡಲಿಲ್ಲ. ಯಾರು ಮೊದಲು ಗಮನಿಸುತ್ತಾರೆ ನೋಡೋಣ ಎಂಬ ಹಾಳು ಕುತೂಹಲ. ನಡೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಗೌರಿಬಿದನೂರಿನ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲವಾದ್ದರಿಂದ ಅವರು ಮೊದಲೇ ತುಂಬಿದ್ದರು. ಹೇಗೋ ಹಿಂದೆ ಮೂರು ಜನರ ಸೀಟೊಂದರಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆ ತುದಿಯಲ್ಲಿ ಅಲೀಪುರಕ್ಕೆ ಹೋಗುವ ಹಿರಿಯರೊಬ್ಬರು ತೂಕಡಿಸುತ್ತಿದ್ದರು. ನಡುವಿನದು ಖಾಲಿ. ಹಾಲಿನ ಕ್ಯಾನನ್ನು ಕಾಲ ನಡುವೆ ಇಟ್ಟುಕೊಂಡೆ.

ಮಂಚೇನಹಳ್ಳಿ ಇನ್ನೂ ದೂರವಿರುವಾಗ ಪದ್ಮಳ ನಂಬರಿನಿಂದ ಫೋನು ಬಂತು. ಅಮ್ಮ.

“ಎಲ್ಲಿದ್ದೀಯೋ ನಡಿಪೋಡಾ? ಇಲ್ಲಿ ಮಂಚೇನಹಳ್ಳೀಲಿ ಟೀ ಕುಡಿಯಾಕೆ ನಿಲ್ಸವ್ರೆ. ಇಳಿದು ನೋಡ್ತೀನಿ, ಆ ಬಂಡೀಲೂ ಇಲ್ಲ, ಈ ಬಂಡೀಲೂ ಇಲ್ಲ.”

“ಬಸ್ಸಲ್ಲಿದ್ದೀನಿ ಕಣಮ್ಮ. ಹಾಲು ನನ್ನ ಹತ್ರಾನೇ ಇದೆ.”

“ಹಾಲ್ ಮನೆ ಹಾಳಾಗ. ಬಸ್ಸಲ್ಲಿ ಕೂರಾಕೆ ಸಿಕ್ತಾ?”

“ಸಿಕ್ತು. ಮೂರು ಜನರ ಸೀಟು.”

“ಹಂಗಾರೆ ನಂಗೊಂದು ಹಿಡ್ಕೊಂಡಿರು. ಆಧಾರ್ ಕಾರ್ಡು ಸೆರಗಲ್ಲೇ ಐತೆ. ಇಲ್ಲೇ ನಿಂತಿರ್ತೀನಿ, ಹತ್ತುತೀನಿ” ಎಂದಳು. ಹಿಂದಿನಿಂದ ಅಣ್ಣನ ದನಿ ಕೇಳಿಸಿತು: “ಎರಡೆರಡು ಗಾಡಿ ಇಟ್ಕೊಂಡು ನಿನ್ನ ಬಸ್ಸಿಗೆ ಹತ್ಸಿದ್ರೆ ನೋಡಿದೋರು ಏನಂತಾರಮ್ಮ?” ಅದಕ್ಕೆ ಮುನಿರಾಜು ಕೂಡ, “ಹೌದಮ್ಮ, ದೊಡ್ಡಣ್ಣ ಹೇಳೋದು ಕರೆಕ್ಟು” ಎಂದ. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು. ಫೋನು ಕಡಿಯಿತು.

ನಾನು ಜೇಬಿನಿಂದ ಕರ್ಚೀಫು ತೆಗೆದು ಪಕ್ಕದ ಸೀಟಿನ ಮೇಲೆ ಹಾಸಿದೆ. ಒಂದು ಅಂಚು ಮಡಚಿಕೊಂಡಿತ್ತು, ಅದನ್ನೂ ಬಿಡಿಸಿ ಸರಿಮಾಡಿದೆ.

ಮಂಚೇನಹಳ್ಳಿಯಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ತಲೆ ಹಾಕಿ ನೋಡಿದೆ. ಟೀ ಅಂಗಡಿಯ ಮುಂದೆ ಮೊಂಡುಮೂತಿ ಇರಲಿಲ್ಲ, ಚೂಪುಮೂತಿಯೂ ಇರಲಿಲ್ಲ. ಅಮ್ಮನೂ ಇರಲಿಲ್ಲ. ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತ ಹೆಂಗಸೊಬ್ಬಳು ಹತ್ತಿ, ಜನರನ್ನು ನೂಕುತ್ತ ಹಿಂದೆ ಬಂದು, ನನ್ನ ಕರ್ಚೀಫನ್ನು ನೋಡಿ ನಿಂತಳು.

“ಇಲ್ಲಿ ಯಾರಾದ್ರೂ ಬರ್ತಾರೇನಣ್ಣ?” ಎಂದಳು.

‘ನನ್ನ ತಾಯಿ ಬರ್ತಾರೆ’ ಎಂದರೆ ಸಾಕಿತ್ತು. ಮುಂದಿನ ಸ್ಟಾಪಿನವರೆಗಾದರೂ ಆ ಜಾಗ ಅವಳದಾಗಿ ಇರುತ್ತಿತ್ತು. ಆದರೆ ಬಾಯಿಯಿಂದ ಬಂದದ್ದು, “ಬರುವುದು ಇನ್ನೂ ಖಚಿತವಾಗಿಲ್ಲ.”

“ಖಚಿತ ಇಲ್ದಿದ್ಮೇಲೆ ಬಟ್ಟೆ ಯಾಕ್ ಹಾಕ್ದೆ? ಎತ್ಕೋ” ಎಂದಳು. ಕುಕ್ಕೆಯನ್ನು ನನ್ನ ತೊಡೆಯ ಮೇಲೆ ಇಟ್ಟು, ಸರಿಯಾಗಿ ನಡುವೆ ಕೂತುಕೊಂಡಳು.